ಷರಾ ಕಾಲಮ್ಮಿನಲ್ಲಿ ಹಿಡಿಸದ್ದು

ಫೆಬ್ರವರಿ 2, 2025, ಭಾನುವಾರ

ನಿವೃತ್ತಿಯಾದ ಮೇಲೆ ದಿನಚರಿ ಬರೆಯುವುದನ್ನು ಬಿಟ್ಟಿದ್ದೆ. ಇವತ್ತು ಮತ್ತೆ ಶುರು ಮಾಡಬೇಕಾಯಿತು. ಕಾರಣ, ಮಗಳು ಕೊಟ್ಟುಹೋದ ಹಾಳೆ. ಅದರಲ್ಲಿ ತಾರೀಕು, ಬೆಳಿಗ್ಗೆ, ಸಂಜೆ, ಷರಾ ಅಂತ ನಾಲ್ಕು ಕಾಲಮ್ಮು. ಷರಾ ಕಾಲಮ್ಮು ಹೆಬ್ಬೆರಳಿನಷ್ಟು ಅಗಲ. ನನ್ನ ಹೊಟ್ಟೆಯೊಳಗಿನ ಉರಿಯನ್ನು ಅಷ್ಟರಲ್ಲಿ ಹೇಗೆ ಹಿಡಿಸುವುದು?

ದಿವ್ಯಾ ಬೆಳಿಗ್ಗೆ ಬಂದಳು. ಸಿದ್ದಾಪುರ ಬಸ್‌ಸ್ಟ್ಯಾಂಡಿನಿಂದ ಪಕ್ಕದ ಮನೆ ಅಖ್ತರನ ಆಟೋ. ಅವನೇ ಒಂದು ರಟ್ಟಿನ ಪೆಟ್ಟಿಗೆ ಹೊತ್ತು ತಂದು ಜಗಲಿ ಮೇಲಿಟ್ಟ. "ಎಂತ ಭಾರ ನರ್ಸಮ್ಮ, ಮಗಳು ಕಲ್ಲು ತಂದಾಳಾ?" ಅಂದ. "ಅವಳ ಕಂಪನಿ ಜ್ಯೂಸು" ಅಂದೆ. ಮೂರು ವರ್ಷದಿಂದ ಓಣಿಗೆಲ್ಲ ಹಾಗೇ ಹೇಳಿಕೊಂಡು ಬಂದಿದ್ದೇನೆ, ವಿಜಯಪುರದ ಹತ್ತಿರ ದ್ರಾಕ್ಷಿ ಜ್ಯೂಸಿನ ಕಂಪನಿ ಅಂತ. ನಿಜವಾಗಿ ಅದು ವೈನ್ ಮಾಡುವ ಕಾರ್ಖಾನೆ. ಶಾಲೆ ಪಕ್ಕದ ಸಾರಾಯಿ ಅಂಗಡಿ ಎತ್ತಿಸಲು ಹೆಂಗಸರನ್ನು ಕಟ್ಟಿಕೊಂಡು ಬಿಳಗಿಯಿಂದ ತಾಲೂಕು ಆಫೀಸಿಗೆ ನಡೆದವಳು ನಾನು. ನನ್ನ ಮಗಳು ಎಂತ ಮಾಡುತ್ತಾಳೆ ಅಂತ ಯಾವ ಬಾಯಲ್ಲಿ ಹೇಳಲಿ?

ಪೆಟ್ಟಿಗೆಯಲ್ಲಿ ಆರು ಬಾಟಲಿ. ಅವಳೇ ಮೊದಲಿಂದ ಕೊನೆಯವರೆಗೆ ನಿಂತು ಮಾಡಿದ ಮೊದಲ ವೈನಂತೆ. ಸೋಸದೇ ತುಂಬಿದ್ದಂತೆ. ಅವಳ ಮೇಲಿನವರು, ಇಂಥದ್ದು ಸಾಮಾನ್ಯರ ಮನೆಯಲ್ಲಿ ಕೆಟ್ಟುಹೋಗುತ್ತದೆ, ಮಾರುವುದು ಬೇಡ ಅನ್ನುತ್ತಾರಂತೆ. ನೆಲಮಾಳಿಗೆ, ಎಸಿ ಇಲ್ಲದ ಮನೆಯಲ್ಲೂ ಸರಿಯಾಗಿಟ್ಟರೆ ಉಳಿಯುತ್ತದೆ ಅಂತ ಇವಳ ವಾದ. ಮೇ ಕೊನೆಗೆ ಅದನ್ನು ತೋರಿಸಬೇಕು. ಒಪ್ಪಿದರೆ ಈ ವರ್ಷ ಅವಳ ಹೆಸರಿನಲ್ಲೇ ವೈನು ಹೊರಗೆ ಬರುತ್ತದೆ. ಅದಕ್ಕೆ ಎರಡು ಬಾಟಲಿ ಅಡುಗೆಮನೆ ನಾಗಂದಿಗೆಯ ಮೇಲೆ, ಎರಡು ಮಂಚದಡಿ, ಎರಡು ಫ್ರಿಜ್ಜಿನಲ್ಲಿ. ಬೆಳಿಗ್ಗೆ ಏಳು, ಸಂಜೆ ಆರು, ಎರಡು ಹೊತ್ತು, ಅವಳೇ ತಂದಿಟ್ಟ ಮೂರು ಥರ್ಮಾಮೀಟರು ನೋಡಿ ಉಷ್ಣಾಂಶ ಬರೆಯಬೇಕು.

ಈ ಮನೆಗೆ ಬಾಟಲಿ ಬರುವುದಿಲ್ಲ ಅಂದೆ. ನಮ್ಮನೆಯವರು ಹೋಗಿ ಒಂಬತ್ತು ವರ್ಷವಾಯಿತು. ಲಿವರಿನ ತೊಂದರೆ. ಅಷ್ಟು ಬರೆದರೆ ಸಾಕು.

"ಅಮ್ಮಾ, ಬೇರೆಯೋರು ಒಂದಿನ ಮರ್ತು ಮಾರನೇ ದಿನ ಅಂದಾಜಿಗೆ ಬರೀತಾರೆ. ನಿನ್ನ ರಿಜಿಸ್ಟರಲ್ಲಿ ಒಂದು ಸುಳ್ಳಂಕಿ ಇರಲ್ಲ ಅಂತ ನಮ್ಮ ಸರ್ ಹತ್ರ ಹೇಳಿಬಂದಿದೀನಿ" ಅಂದಳು.

ಮಾತಿನಲ್ಲಿ ಕಟ್ಟಿಹಾಕುವುದು ಅವಳಿಗೆ ಎಲ್ಲಿಂದ ಬಂತೋ. ಒಪ್ಪಿದೆ. ಊಟ ಮಾಡಿ ಮೂರರ ಬಸ್ಸಿಗೆ ಹೋದಳು.

ಫೆಬ್ರವರಿ 6, ಗುರುವಾರ

ಬೆಳಿಗ್ಗೆ: ಅಡುಗೆಮನೆ 26, ಮಂಚದಡಿ 22, ಫ್ರಿಜ್ಜು 5.

ಗುರುವಾರ ಲಸಿಕೆ ದಿನ. ಕೆಲಸ ಬಿಟ್ಟು ಮೂರು ವರ್ಷವಾದರೂ ಗುರುವಾರ ಐದಕ್ಕೇ ಎಚ್ಚರ. ಬಿಳಗಿ ಕಡೆಯ ಆ ಸಣ್ಣ ಆಸ್ಪತ್ರೆಯಲ್ಲಿ ಲಸಿಕೆ ಫ್ರಿಜ್ಜಿನ ಕೀಲಿಕೈ ಇಪ್ಪತ್ತಾರು ವರ್ಷ ನನ್ನ ಸೆರಗಿನಲ್ಲಿತ್ತು. ಎರಡರಿಂದ ಎಂಟು ಡಿಗ್ರಿಯ ಒಳಗೆ ಇರಬೇಕು, ಆಚೀಚೆ ಆದರೆ ಮಗುವಿಗೆ ಚುಚ್ಚುವುದು ಬರೀ ನೀರು.

ಬಾಟಲಿಗಳಿಗೆ ಗಾಯದ ಪಟ್ಟಿ ಅಂಟಿಸಿ ಗುರುತು ಹಾಕಿದೆ. ಅ-1, ಅ-2, ಮ-1, ಮ-2, ಫ್ರಿ-1, ಫ್ರಿ-2. ಮಲಗಿಸಿಯೇ ಇಡಬೇಕಂತೆ, ಬಿರಡೆ ಒದ್ದೆಯಾಗಿರಬೇಕು, ಒಣಗಿದರೆ ಗಾಳಿ ಹೋಗುತ್ತದೆ. ಮಂಚದಡಿ ನನ್ನ ಹಳೇ ದಿನಚರಿಗಳ ಟ್ರಂಕಿನ ಪಕ್ಕ ಮಲಗಿಸಿ, ಮೇಲೆ ಒಂದು ಹಳೇ ಸೀರೆ ಹೊದಿಸಿದೆ. ಬಾಣಂತಿ ಮಲಗಿದ ಹಾಗೆ ಕಾಣುತ್ತದೆ.

ಸಂಜೆ ಅಖ್ತರನ ತಾಯಿ ರಹಿಮತಕ್ಕ ಬಂದು ಅದೇ ಮಂಚದ ಮೇಲೆ ಕೂತು ಎರಡು ಲೋಟ ಚಾ ಕುಡಿದಳು, ಸೊಸೆ ನಾಜಿಯಾಳಿಗೆ ತಿಂಗಳು ನಿಂತ ಸುದ್ದಿ ಹೇಳಲು. ಅವಳ ಕಾಲು ಹಿಂದಕ್ಕೆ ಆಡಿದಾಗಲೆಲ್ಲ ನನ್ನ ಜೀವ ಹೋಗಿ ಬಂತು. ಐದು ಹೊತ್ತಿನ ನಮಾಜಿನವಳು, ಕೂತದ್ದು ಯಾವುದರ ಮೇಲೆ ಅಂತ ಗೊತ್ತಾದರೆ!

ಫೆಬ್ರವರಿ 20, ಗುರುವಾರ

ಫ್ರಿಜ್ಜಿನ ಬಾಟಲಿ ಸರಿಯಿಲ್ಲ. ಟಾರ್ಚು ಬಿಟ್ಟು ನೋಡಿದರೆ ಬಿರಡೆಯ ಹತ್ತಿರ ಕಲ್ಲುಸಕ್ಕರೆ ಪುಡಿಯಂಥ ಹರಳು, ಪಕ್ಕೆಯಲ್ಲಿ ಕಪ್ಪು ಗಸಿ. ಹೆಪ್ಪುಗಟ್ಟಿ ಕೆಟ್ಟ ಲಸಿಕೆಯಲ್ಲಿ ಹೀಗೇ ಕಾಣುವುದು.

ಅದಕ್ಕೆ ನಮ್ಮಲ್ಲಿ ಪರೀಕ್ಷೆ ಇದೆ. ಸಂಶಯ ಬಂದ ಸೀಸೆಯನ್ನೂ ಸರಿಯಿರುವ ಸೀಸೆಯನ್ನೂ ಒಟ್ಟಿಗೆ ಜೋರಾಗಿ ಅಲ್ಲಾಡಿಸಿ ಮೇಜಿನ ಮೇಲೆ ಪಕ್ಕಪಕ್ಕ ಇಡಬೇಕು. ಗಸಿ ಬೇಗ ಕೆಳಗಿಳಿದದ್ದು ಕೆಟ್ಟದ್ದು. ಹೊಸದಾಗಿ ಬಂದ ಹುಡುಗಿಯರಿಗೆ ಇದನ್ನು ಕಲಿಸಿದ್ದೇ ನಾನು. ಆರೂ ಬಾಟಲಿ ಹೊರಗೆ ತೆಗೆದು ಒಂದೊಂದನ್ನೂ ಇಪ್ಪತ್ತು ಸಲ ಕುಲುಕಿದೆ. ತೋಳು ಬಿದ್ದುಹೋಯಿತು. ಅರ್ಧ ಗಂಟೆ ಮುಂದೆ ಕೂತು ನೋಡಿದೆ. ಎಲ್ಲವೂ ಒಂದೇ ರೀತಿ ಕದಡಿದ್ದವು. ಸಮಾಧಾನವಾಯಿತು. ಇನ್ನು ಪ್ರತಿ ಗುರುವಾರ ನೋಡಿಬಿಡುತ್ತೇನೆ. ಹಾಳೆಯಲ್ಲಿ ಬರೆಯಲಿಲ್ಲ, ಅದಕ್ಕೆ ಕಾಲಮ್ಮಿಲ್ಲ.

ಮಾರ್ಚ್ 6, ಗುರುವಾರ

29, 24, 5. ಕುಲುಕಿದೆ. ಎಲ್ಲ ಸರಿ.

ಮಾರ್ಚ್ 13, ಗುರುವಾರ

30, 24, 4. ಕುಲುಕಿದೆ. ಅ-2ರ ಬಿರಡೆ ಕೂದಲೆಳೆಯಷ್ಟು ಮೇಲೆ ಬಂದ ಹಾಗಿದೆ. ಅಡುಗೆಮನೆ ಸೆಕೆ ಅದಕ್ಕೆ ಆಗುತ್ತಿಲ್ಲ. ಒಗ್ಗರಣೆಯನ್ನು ಹಿತ್ತಿಲ ಒಲೆಯಲ್ಲಿ ಹಾಕೋಣ ಅನ್ನಿಸಿತು. ಆಮೇಲೆ ನೆನಪಾಯಿತು, ಅಡುಗೆಮನೆ ಅಡುಗೆಮನೆಯ ಹಾಗೇ ಇರಬೇಕು, ಇಲ್ಲದಿದ್ದರೆ ಪರೀಕ್ಷೆ ಎಂತದ್ದು? ಪಾಪ, ಅವೆರಡನ್ನೂ ನೋಡಿದರೆ ಕರುಳು ಚುರ್ ಅನ್ನುತ್ತದೆ.

ಮಾರ್ಚ್ 19, ಬುಧವಾರ

ನಿನ್ನೆ ಮಧ್ಯಾಹ್ನದಿಂದ ಕರೆಂಟಿಲ್ಲ. ಎಲ್ಲೋ ಕಂಬ ಬಿದ್ದಿದೆಯಂತೆ. ಹಳೇ ಲಸಿಕೆ ಡಬ್ಬಿಯ ಐಸ್‌ಪ್ಯಾಕು ನಾಲ್ಕು ಮನೆಯಲ್ಲಿದ್ದವು, ರಹಿಮತಕ್ಕನ ನೆಂಟರ ಮೀನಂಗಡಿಯಲ್ಲಿ ಐಸು ತುಂಬಿಸಿ ತಂದು ಫ್ರಿಜ್ಜಿಗಿಟ್ಟೆ. ಆದರೂ ಇವತ್ತು ಬೆಳಿಗ್ಗೆ 13. ಹದಿಮೂರೇ ಬರೆದೆ. ಏಳು ಅಂತ ಬರೆದರೆ ಯಾರಿಗೆ ಗೊತ್ತಾಗುತ್ತಿತ್ತು? ಆದರೆ ನನ್ನ ಕೈಗೆ ಅದು ಬರುವುದಿಲ್ಲ.

2004ರ ಜೂನಿನಲ್ಲಿ ಹೀಗೇ ಆಸ್ಪತ್ರೆಯಲ್ಲಿ ಎರಡು ದಿನ ಕರೆಂಟು ಹೋಗಿತ್ತು. ಮೇಲಿನವರು ಬೈದರೆ ಬೈಯಲಿ ಅಂತ ಇದ್ದ ಅಂಕಿಯನ್ನೇ ಬರೆದು ಲಸಿಕೆಯನ್ನೆಲ್ಲ ಬಳಸದೆ ಬೇರೆ ಇಟ್ಟಿದ್ದೆ. ಗಡಿಬಿಡಿಯಲ್ಲಿ ಒಂದು ಅಂಕಿ ತಪ್ಪಿದಾಗ ಬಿಳಿ ಬಣ್ಣ ಬಳಿಯಲಿಲ್ಲ, ನಿಯಮದ ಪ್ರಕಾರ ಒಂದೇ ಗೆರೆ ಹೊಡೆದು, ಪಕ್ಕದಲ್ಲಿ ಸರಿ ಅಂಕಿ ಬರೆದು, ಸಹಿ ಹಾಕಿದೆ. ಅಂಥ ಹೊತ್ತಿನಲ್ಲಿ ಮನೆಯಲ್ಲಿ ಇವರಿಗೆ ಜ್ವರ ಬೇರೆ. ಶಾಲೆಗೆ ರಜಾ ಅರ್ಜಿಯನ್ನೂ ನಾನೇ ಬರೆದು ಕಳಿಸಬೇಕಾಗಿತ್ತು. ಮೇಷ್ಟ್ರಾಗಿ ಒಂದು ಅರ್ಜಿ ಬರೆಯಲು ಕೈ ನಿಲ್ಲುತ್ತಿರಲಿಲ್ಲ. ಆ ವರ್ಷ ಅವರಿಗೆ ಎಷ್ಟು ಸಲ ಜ್ವರ ಬಂತೋ.

ಕರೆಂಟು ಹನ್ನೊಂದಕ್ಕೆ ಬಂತು.

ಏಪ್ರಿಲ್ 3, ಗುರುವಾರ

ಬೆಳಿಗ್ಗೆ ಕುಲುಕಿದ್ದಾಯಿತು, ಏಳನೇ ಸಲ. ಹನ್ನೆರಡಕ್ಕೆ ದಿವ್ಯಾಳ ಫೋನು. ಖುಷಿಯಲ್ಲಿದ್ದಳು. ನಾನು ಕಳಿಸಿದ ಅಂಕಿಗಳನ್ನು ನೋಡಿ ಅವಳ ಸರ್ ಹೊಗಳಿದರಂತೆ, ಕರೆಂಟು ಹೋದದ್ದನ್ನೂ ಬಿಡದೆ ಬರೆದಿದ್ದಾರೆ ಅಂತ. ಆಮೇಲೆ ನಗುತ್ತ ಒಂದು ಕತೆ ಹೇಳಿದಳು.

"ಹುಬ್ಬಳ್ಳಿಯ ಒಬ್ರಿಗೆ ಇದೇ ವೈನು ಒಂದು ಕೊಟ್ಟಿದ್ವಿ ಅಮ್ಮ. ಪುಣ್ಯಾತ್ಮ ಔಷಧಿ ಬಾಟ್ಲಿ ಅಲ್ಲಾಡಿಸ್ದಂಗೆ ದಿನಾ ಅಲ್ಲಾಡಿಸಿದಾನಂತೆ. ಸೋಸದ ವೈನಿಗೆ ಅದಕ್ಕಿಂತ ಕೆಟ್ಟದ್ದಿಲ್ಲ. ಅದಕ್ಕೆ ನಿದ್ದೆ ಬೇಕು, ಗಸಿ ತಳಕ್ಕೆ ಕೂರಬೇಕು. ಈಗ ಅದು ಕೊಟ್ಟಿಗೆ ತೊಳೆದ ನೀರಾಗಿರುತ್ತೆ."

ಫ್ರಿಜ್ಜಿನಲ್ಲಿ ಹರಳು ಕಟ್ಟಿದರೆ ಎಂತ ಅಂತ ಮೆಲ್ಲಗೆ ಕೇಳಿದೆ. "ಅದು ಹುಳಿಯ ಹರಳು, ತಣ್ಣಗಾದ್ರೆ ಬರುತ್ತೆ, ಎಂತ ತೊಂದ್ರೆ ಇಲ್ಲ. ನೀನು ಎಲ್ಲ ಮುಟ್ಟದೇ ಇಟ್ಟಿದ್ದಿ ತಾನೇ?"

"ಹೌದು" ಅಂದೆ.

ಹೌದು ಅಂದುಬಿಟ್ಟೆ. ನಾಲಿಗೆ ಎಷ್ಟು ಸಲೀಸಾಗಿ ಹೊರಳಿತು!

ಏಪ್ರಿಲ್ 5, ಶನಿವಾರ

33, 27, 5. ಹೇಳಲಿಲ್ಲ.

ಏಪ್ರಿಲ್ 7, ಸೋಮವಾರ

34, 27, 5. ಹೇಳಲಿಲ್ಲ. ಗಸಿ ಕೂತರೆ ಯಾರಿಗೂ ತಿಳಿಯುವುದಿಲ್ಲ. ಮೇ ಕೊನೆಗೆ ಇನ್ನೂ ಏಳು ವಾರವಿದೆ.

ಏಪ್ರಿಲ್ 10, ಗುರುವಾರ

34, 27, 5. ಕುಲುಕಲಿಲ್ಲ. ಬೆಳಿಗ್ಗೆ ಕೈಗೆ ಕೆಲಸವಿಲ್ಲದೆ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ.

ಏಪ್ರಿಲ್ 12, ಶನಿವಾರ

ಇವತ್ತು ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಹತ್ತು ಗಂಟೆಗೆ ರಹಿಮತಕ್ಕ ಒಂದು ಸ್ಟೀಲ್ ತಂಬಿಗೆ ಹಿಡಿದುಕೊಂಡು ಬಂದಳು. ನಾಜಿಯಾಳಿಗೆ ಈಗ ನಾಲ್ಕು ತಿಂಗಳು, ಈ ಬಿಸಿಲಿಗೆ ಏನೂ ಸೇರುತ್ತಿಲ್ಲ, ಕುಡಿದ ನೀರೂ ವಾಂತಿ. "ನಿನ್ ಮಗಳ ಕಂಪನಿ ದ್ರಾಕ್ಷಿ ಜ್ಯೂಸು ಇಟ್ಕೊಂಡಿದ್ದಿ ಅಂತ ಅಖ್ತರ್ ಅಂದ. ಪೆಟ್ಟಿಗೆ ತುಂಬ ತಂದಾಳಂತಲ್ಲ. ಒಂದು ತಂಬಿಗೆ ಕೊಡೆ ರಾಜೀವಿ, ಹುಳಿಹುಳಿ ಅಂತ ಹುಡುಗಿ ಬಾಯಿಗೆ ರುಚಿಯಾದೀತು" ಅಂದಳು.

ಖಾಲಿಯಾಯಿತು ಅಂದೆ. ಅಷ್ಟು ಹೊತ್ತಿಗೆ ಅವಳ ಕಣ್ಣು ನಾಗಂದಿಗೆಯ ಮೇಲೆ ಹೋಗಿತ್ತು. "ಅಲ್ಲೇ ಎರಡಿದೆಯಲ್ಲ, ಅಷ್ಟು ಜುಗ್ಗಿ ಯಾವಾಗ ಆದೆ ನೀನು?" ಅಂತ ನಗುತ್ತ ತಾನೇ ಕೈ ಚಾಚಿ ಅ-1 ತೆಗೆದುಕೊಂಡಳು. ನಾನು ಹಾರಿ ಅವಳ ಕೈಯಿಂದ ಕಿತ್ತುಕೊಂಡೆ. ತಂಬಿಗೆ ಉರುಳಿ ಬಚ್ಚಲ ಬಾಗಿಲವರೆಗೆ ಹೋಯಿತು. ಮೂವತ್ತು ವರ್ಷದಿಂದ ನೆರೆಯವಳು, ನನ್ನ ಮುಖವನ್ನೇ ನೋಡುತ್ತ ನಿಂತಳು. ಅವಳ ಕಣ್ಣಲ್ಲಿ ನೀರು ಬಂದದ್ದು ಕಂಡೆ.

"ರಹಿಮತಕ್ಕ, ಇದು ಜ್ಯೂಸಲ್ಲ. ವೈನು. ಕುಡಿಯೋ ವೈನು. ದಿವ್ಯಾ ಮಾಡೋದೇ ಇದು. ಮೂರು ವರ್ಷದಿಂದ ಸುಳ್ಳು ಹೇಳ್ದೆ."

"ಯಾ ಅಲ್ಲಾ!" ಅಂತ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಕೇಳಿದಳು, "ಬೇರೆ ಎಲ್ಲಾದ್ರೂ ಇಟ್ಟಿದ್ಯಾ?"

"ಮಂಚದಡಿ."

"ನಾನು ಕೂರೋ ಮಂಚದಡಿಯಾ?"

ತಲೆ ಆಡಿಸಿದೆ. ಬೈಯುತ್ತಾಳೆ ಅಂದುಕೊಂಡೆ. ಅವಳು ಗೋಡೆಗೆ ಒರಗಿ ನಗಲು ಶುರು ಮಾಡಿದಳು. ನಕ್ಕು ನಕ್ಕು ಸಾಕಾಗಿ, ತಂಬಿಗೆ ಹೆಕ್ಕಿಕೊಂಡು, ಹೋಗುವಾಗ ಮಾತ್ರ ನಗದೆ ಹೇಳಿದಳು: "ನಂಗ್ಯಾಕೆ ಸುಳ್ಳು ಹೇಳ್ತಿ ರಾಜೀವಿ? ಮೇಷ್ಟ್ರ ಜ್ವರಾನೂ ಹಿಂಗೇ. ಓಣಿಗೆಲ್ಲ ಗೊತ್ತಿತ್ತು. ಗೊತ್ತಿಲ್ದಂಗೆ ಇದ್ವಿ, ನಿಂಗೆ ನೋವಾಗ್ತದೆ ಅಂತ."

ನಾಜಿಯಾಳಿಗೆ ಪುನರ್ಪುಳಿ ಸಿಪ್ಪೆ ನೆನೆಸಿ, ಬೆಲ್ಲ, ಚಿಟಿಕೆ ಉಪ್ಪು ಹಾಕಿ ಕೊಟ್ಟುಬಂದೆ. ಸ್ವಲ್ಪ ಸ್ವಲ್ಪವೇ ಕುಡಿಸಿ, ನಾಳೆಗೂ ನಿಲ್ಲದಿದ್ದರೆ ಆಸ್ಪತ್ರೆಗೆ ಕರೆದುಕೊಂಡು ಹೋಗು ಅಂತ ಅಖ್ತರನಿಗೆ ಹೇಳಿದೆ. ಅವನು ಮಾತ್ರ "ನನ್ ಆಟೋ ತೊಳೀಬೇಕಿತ್ತಲ್ಲ ನರ್ಸಮ್ಮ" ಅಂತ ಗೊಣಗಿದ.

ಏಪ್ರಿಲ್ 13, ಭಾನುವಾರ

ದಿವ್ಯಾಳಿಗೆ ಫೋನು ಮಾಡಿ ಹೇಳಿದೆ. ಫೆಬ್ರವರಿ 20ರಿಂದ ಏಳು ಗುರುವಾರ, ಆರೂ ಬಾಟಲಿ, ಒಂದೊಂದಕ್ಕೆ ಇಪ್ಪತ್ತು ಸಲ. ಕೇಳಿದಾಗ ಸುಳ್ಳು ಹೇಳಿದೆ ಅಂತಲೂ ಹೇಳಿದೆ.

ಲೈನು ಹೋಯಿತು ಅಂದುಕೊಂಡು ಹಲೋ ಹಲೋ ಅಂದೆ.

"ಕೇಳ್ತಿದೀನಿ" ಅಂದಳು. "ಅಲ್ಲಾಡಿಸಿದ್ದು ಹೋಗಲಿ ಅಮ್ಮ, ನಂದೇ ತಪ್ಪು, ಹೇಳಿರಲಿಲ್ಲ. ಆದ್ರೆ ನಾನು ಕೇಳಿದ್ನಲ್ಲ. ಹೌದು ಅಂದ್ಯಲ್ಲ. ನಿನ್ನ ಒಂದು ಮಾತನ್ನೇ ಹಿಡ್ಕೊಂಡು ನಾನು ಅಲ್ಲಿ ನಿಂತಿದ್ದೆ. ಈಗ ಆ ಹಾಳೆ ಪೂರ್ತಿ ಯಾರು ನಂಬ್ತಾರೆ?"

ಇಟ್ಟುಬಿಟ್ಟಳು. ಸಂಜೆಯ ಅಂಕಿ: 35, 28, 5. ಐದು ಸರಿಯಾಗಿ ಬಂದಿಲ್ಲ.

ಹಾಳೆಯ ಏಳೂ ಗುರುವಾರಗಳ ಷರಾದಲ್ಲಿ 'ಕುಲುಕಿದೆ' ಅಂತ ಕೆಂಪು ಶಾಯಿಯಲ್ಲಿ ಬರೆದು, ಇವತ್ತಿನ ತಾರೀಕು ಹಾಕಿ, ಸಹಿ ಮಾಡಿದೆ. ಫೋಟೋ ತೆಗೆದು ಅವಳಿಗೆ ಕಳಿಸಿದೆ. ನೋಡಿದ್ದಾಳೆ ಅನ್ನುವ ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ.

ಏಪ್ರಿಲ್ 17, ಗುರುವಾರ

35, 28, 5. ಫೋನಿಲ್ಲ.

ಏಪ್ರಿಲ್ 24, ಗುರುವಾರ

35, 28, 6. ಫೋನಿಲ್ಲ. ನಾಜಿಯಾ ಎರಡು ದಿನದಿಂದ ಗಂಜಿ ಉಣ್ಣುತ್ತಿದ್ದಾಳಂತೆ. ರಹಿಮತಕ್ಕ ಬಂದಳು. ಮಂಚದ ಮೇಲೆ ಕೂರಲಿಲ್ಲ, ಕುರ್ಚಿ ಎಳೆದುಕೊಂಡಳು. ಮಗಳ ವೈನು ಹೇಗೆ ಮಾಡುತ್ತಾರೆ ಅಂತ ಕೇಳಿದಳು, ನಾನು ನನಗೆ ಗೊತ್ತಿದ್ದಷ್ಟು ಹೇಳಿದೆ. ಹಣ್ಣನ್ನು ಹೇಗೆ ಹಿಂಡುತ್ತಾರೆ, ಎಷ್ಟು ದಿನ ಕುದಿ ಬರುತ್ತದೆ, ಪೀಪಾಯಿಯಲ್ಲಿ ಎಷ್ಟು ತಿಂಗಳು. "ಇಷ್ಟೆಲ್ಲ ಓದಿದಾಳಾ ನಮ್ಮ ಕೂಸು?" ಅಂದಳು. ಹೌದು, ಓದಿದ್ದಾಳೆ. ಅದನ್ನು ಇದೇ ಮೊದಲ ಸಲ ಬಾಯಿಬಿಟ್ಟು ಒಬ್ಬರ ಎದುರು ಹೇಳಿದೆ.

ಮೇ 8, ಗುರುವಾರ

35, 28, 5. ಭಾನುವಾರ ಹದಿನೆಂಟಕ್ಕೆ ಬರುತ್ತೇನೆ ಅಂತ ಒಂದು ಸಾಲಿನ ಮೆಸೇಜು. 'ಬಾಟಲಿ ನಿಲ್ಲಿಸಿ ಇಡು, ಈಗಿಂದ ಮುಟ್ಟಬೇಡ.'

ಆರನ್ನೂ ನಿಲ್ಲಿಸಿಟ್ಟೆ, ಆಮೇಲೆ ಮುಟ್ಟಲಿಲ್ಲ. ನೆಲ ಒರೆಸುವಾಗ ಮಂಚವನ್ನೂ ಸರಿಸಲಿಲ್ಲ.

ಮೇ 18, ಭಾನುವಾರ

ಬಂದಳು. ಸೊರಗಿದ್ದಾಳೆ. ಊಟಕ್ಕೆ ಮುಂಚೆಯೇ ಕೆಲಸ ಅಂದಳು. ತಾನೇ ತಂದ ಮೂರು ಗ್ಲಾಸು ತೊಳೆದು ಸಾಲಾಗಿಟ್ಟು, ಒಂದೊಂದು ಜಾಗದ್ದೂ ಒಂದೊಂದು ಬಾಟಲಿ ತೆಗೆದಳು. ನಾನು ಬಾಗಿಲ ಹತ್ತಿರ ನಿಂತೆ. ಬಿರಡೆ ಬಿಚ್ಚಿದ ಕೂಡಲೇ ಆ ವಾಸನೆ ಮನೆ ತುಂಬುತ್ತದೆ ಅಂತ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದೆ. ಬಂದದ್ದು ಕಳಿತ ನೇರಳೆ ಹಣ್ಣಿನ ಪರಿಮಳ. ನಮ್ಮನೆಯವರಿಂದ ಬರುತ್ತಿದ್ದ ವಾಸನೆ ಅದಲ್ಲ. ನಾನು ಸೆರಗು ತೆಗೆದೆ.

ಅಡುಗೆಮನೆಯದ್ದನ್ನು ಒಂದು ಗುಟುಕು ಬಾಯಲ್ಲಾಡಿಸಿ ಬಚ್ಚಲಿಗೆ ಉಗುಳಿದಳು. "ಬೆಂದುಹೋಗಿದೆ." ಫ್ರಿಜ್ಜಿನದ್ದು ಪರವಾಗಿಲ್ಲ, ಆದರೆ ಮಂಕು. ಮಂಚದಡಿಯದ್ದನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. ನಾನು ಫಲಿತಾಂಶಕ್ಕೆ ಕಾಯುವ ಮಕ್ಕಳ ಹಾಗೆ ನಿಂತಿದ್ದೆ.

"ಗಸಿ ಇನ್ನೂ ಪೂರ್ತಿ ಇಳಿದಿಲ್ಲ. ಆದ್ರೂ ಬದುಕಿದೆ ಅಮ್ಮ. ಇಷ್ಟು ಕುಲುಕಾಟಕ್ಕೂ ಬದುಕಿದೆ."

"ಹಾಗಾದ್ರೆ ಒಪ್ತಾರಾ?"

"ಇಲ್ಲ. ಸರ್ ಹತ್ರ ಎಲ್ಲ ಹೇಳಿಯಾಯ್ತು. ಕುಲುಕಿದ ಬಾಟಲಿ ಲೆಕ್ಕಕ್ಕೆ ಬರಲ್ಲ. ಈ ವರ್ಷ ಬಿಡುಗಡೆ ಇಲ್ಲ. ಮುಂದಿನ ಫೆಬ್ರವರಿಗೆ ಹೊಸ ಆರು, ಮತ್ತೆ ಮೊದಲಿಂದ."

ಒಂದು ವರ್ಷ. ನನ್ನಿಂದ ಅವಳ ಒಂದು ವರ್ಷ ಹೋಯಿತು. ಮುಂದಿನ ಸಲ ಎಲ್ಲಿ ಇಡುತ್ತಿ ಅಂತ ಕೇಳಿದೆ, ಇನ್ಯಾರ ಮನೆಯಲ್ಲಿ ಅಂತ.

"ಇಲ್ಲೇ. ಕೆಂಪು ಶಾಯಿಯ ಆ ಹಾಳೆ ನೋಡಿ ಸರ್ ಹೇಳಿದ್ರು, ಇವರ ಹತ್ರಾನೇ ಇಡಿಸಿ ಅಂತ." ಆಮೇಲೆ ನಕ್ಕಳು, ಐದು ವಾರದಲ್ಲಿ ಮೊದಲ ಸಲ. "ಗಿರಾಕಿಗಳಿಗೆ ಕೊಡೋ ಚೀಟಿಯಲ್ಲಿ ಮೊದಲನೇ ಸಾಲು ಬರೆದಾಯ್ತು. ದಯವಿಟ್ಟು ಅಲ್ಲಾಡಿಸಬೇಡಿ."

ನಾನೂ ರುಚಿ ನೋಡುತ್ತೇನೆ ಅಂದೆ. ಬೆರಗಾಗಿ ಗ್ಲಾಸು ಚಾಚಿದಳು. ಬೇಡ ಅಂದು ಕೆಮ್ಮಿನ ಔಷಧಿಯ ಮುಚ್ಚಳ ತಂದು ಐದು ಎಂ.ಎಲ್. ಅಳೆದು ಕುಡಿದೆ. ಹುಳಿ, ಒಗರು, ಕೊನೆಗೆ ಸ್ವಲ್ಪ ಬಿಸಿ. ಇದಕ್ಕಾಗಿ ಜನ ಮನೆ ಹಾಳು ಮಾಡಿಕೊಳ್ಳುತ್ತಾರಾ ಅನ್ನಿಸಿತು. ಮಗಳು ಚೆನ್ನಾಗಿ ಮಾಡಿದ್ದಾಳೆ ಅಂತಲೂ ಅನ್ನಿಸಿತು. ಉಳಿದದ್ದಕ್ಕೆ ಬಿರಡೆ ಹಾಕಿ, ಪಟ್ಟಿಯ ಮೇಲೆ ತೆಗೆದ ದಿನ, ವೇಳೆ ಬರೆದೆ. ತೆರೆದ ಸೀಸೆಯ ಮೇಲೆ ಬರೆಯದೆ ನನಗೆ ಗೊತ್ತಿಲ್ಲ.

ಊಟದ ನಂತರ ಎಲೆಯಡಿಕೆ ತಟ್ಟೆ ಮುಂದಿಟ್ಟುಕೊಂಡು ಹೇಳಿದೆ. "ದಿವ್ಯಾ, ನಿನ್ನ ಅಪ್ಪನಿಗೆ ಬರ್ತಿದ್ದದ್ದು ಜ್ವರ ಆಗಿರಲಿಲ್ಲ."

ಅವಳು ಅಡಿಕೆ ಹೋಳು ಆರಿಸುತ್ತಿದ್ದಳು, ಕೈ ನಿಂತಿತು. "ಗೊತ್ತು" ಅಂದಳು. "ಜ್ವರ ಅಂದ್ರೆ ಮೈ ಬಿಸಿ ಇರುತ್ತೆ ಅಂತ ನೀನೇ ಹೇಳ್ಕೊಟ್ಟಿದ್ದಿ. ನೀನು ಆಸ್ಪತ್ರೆಗೆ ಹೋದ್ಮೇಲೆ ನಾನು ಹೋಗಿ ಹಣೆ ಮುಟ್ಟಿ ನೋಡ್ತಿದ್ದೆ. ತಣ್ಣಗಿರ್ತಿತ್ತು. ಪ್ರತಿ ಸಲ ನೋಡ್ತಿದ್ದೆ ಅಮ್ಮ, ಒಂದ್ಸಲವಾದ್ರೂ ಬಿಸಿ ಇರಲಿ, ಅಮ್ಮ ಹೇಳಿದ್ದು ನಿಜ ಆಗಲಿ ಅಂತ."

ನಾನು ಅತ್ತೆ. ಅವಳೂ ಅತ್ತಳು. ಮೂರರ ಬಸ್ಸು ಹೋಗಿ ನಾಲ್ಕೂವರೆಯದಕ್ಕೆ ಹತ್ತಿಸಿ ಬಂದೆ. ಆಟೋದಲ್ಲಿ ಅಖ್ತರ್, "ಈ ಸಲ ಪೆಟ್ಟಿಗೆ ಇಲ್ವಾ?" ಅಂತ ಕೇಳಿದ. "ಫೆಬ್ರವರಿಗೆ ಬರುತ್ತೆ, ವೈನಿನ ಪೆಟ್ಟಿಗೆ" ಅಂದೆ.

ಮೇ 19, ಸೋಮವಾರ

ಬೆಳಿಗ್ಗೆ ಏಳಕ್ಕೆ ಎದ್ದು ಅಭ್ಯಾಸಬಲದಿಂದ ಮಂಚದಡಿ ಬಗ್ಗಿದೆ. 27. ಬರೆಯಲು ಹಾಳೆ ಇರಲಿಲ್ಲ, ಅವಳು ತೆಗೆದುಕೊಂಡು ಹೋಗಿದ್ದಾಳೆ.

ಬಗ್ಗಿದವಳು ಟ್ರಂಕನ್ನು ಎಳೆದೆ. ಹಳೇ ದಿನಚರಿಗಳು ಹದಿನಾಲ್ಕು ಇವೆ. ನನ್ನ ಒಬ್ಬಳಿಗೇ ಅಂತ ಬರೆದವು, ಬೇರೆ ಯಾರೂ ಓದಿದವರಿಲ್ಲ. 2004 ತೆಗೆದೆ. ಜೂನ್ 14ರ ಪುಟದಲ್ಲಿ ಹೀಗಿದೆ: 'ಲಸಿಕೆ ಫ್ರಿಜ್ಜು ಬೆಳಿಗ್ಗೆ 11, ಸಂಜೆ 16. ಕರೆಂಟಿಲ್ಲ. ಇವರಿಗೆ ಜ್ವರ, 102.'

ನೂರಾ ಎರಡಂತೆ. ಅಂಕಿ ಸಮೇತ.

ಕೆಂಪು ಪೆನ್ನು ತಂದೆ. ಕೊನೆಯ ಸಾಲಿನ ಮೇಲೆ ಒಂದೇ ಗೆರೆ ಹೊಡೆದೆ, ಕೆಳಗಿರುವುದು ಓದಲು ಬರುವ ಹಾಗೆ. ಪಕ್ಕದಲ್ಲಿ ಬರೆದೆ: 'ಜ್ವರ ಇರಲಿಲ್ಲ. ಕುಡಿದಿದ್ದರು. ಮಗಳಿಗೆ ಎಂಟು ವರ್ಷ, ಹಣೆ ಮುಟ್ಟಿ ನೋಡಿದ್ದಳು. ತಣ್ಣಗಿತ್ತು.' ಇವತ್ತಿನ ತಾರೀಕು ಹಾಕಿ ಸಹಿ ಮಾಡಿದೆ.

ಆ ಪುಸ್ತಕದಲ್ಲೇ ಇನ್ನೂ ಮೂವತ್ತೊಂದು ಜ್ವರ ಇವೆ. ಮಧ್ಯಾಹ್ನದ ಅನ್ನಕ್ಕಿಟ್ಟು ಬಂದು ಮುಂದುವರಿಸಿದೆ.